ಟಂಕಸಾಲೆಯ ದೊರೆ ಕೇಳಿದ್ದು ಮಗನನ್ನು

ಮಂಗಳೂರಿನ ಬಂದರಿನಲ್ಲಿರುವ ನಮ್ಮ ಮನೆಯ ಅಡಿಗೆಕೋಣೆಯ ಹಲಗೆಯ ಮೇಲೆ ಒಂದೇ ಅಚ್ಚಿನ ಎರಡು ಬಿಸ್ಕತ್ತಿನ ಡಬ್ಬಗಳಿದ್ದವು. ಒಂದರಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಹತ್ತೊಂಬತ್ತನೆಯ ಶತಮಾನ. ಚಹಾಪುಡಿಯ ಡಬ್ಬ ದಿನವಿಡೀ ಬಾಯಿ ತೆರೆಯುತ್ತಲೇ ಇರುತ್ತಿತ್ತು. ಶತಮಾನದ ಡಬ್ಬವನ್ನು ಮಾತ್ರ, ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾದ ಮೇಲೆ ವರ್ಷಕ್ಕೊಮ್ಮೆ ಅಂಗಳಕ್ಕೆ ತಂದು, ಹಪ್ಪಳ ಒಣಗಿಸುವ ಚಾಪೆಯ ಮೇಲೆ ಅದರೊಳಗಿನ ಕಾಗದಗಳನ್ನು ಹರಡಿ, ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೂ ಒಂದೊಂದು ಅಡಿಕೆ ಇಟ್ಟು, ಸಂಜೆಗೆ ಮತ್ತೆ ಕಟ್ಟಿ ಒಳಗಿಡುತ್ತಿದ್ದರು. ಪಕ್ಕದ ಗೋದಾಮಿನ ಕೊಬ್ಬರಿ, ಎದುರಿನ ಗೋದಾಮಿನ ಒಣಶುಂಠಿ, ಗಾಳಿ ತಿರುಗಿದರೆ ದೋಣಿ ನಿಲ್ಲುವ ಧಕ್ಕೆಯ ಒಣಮೀನು, ಈ ಮೂರೂ ಸೇರಿದ ವಾಸನೆ ಆ ಕಾಗದಗಳಿಗಿತ್ತು. ಇತಿಹಾಸ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಮೂಗಿಗೆ ಈಗಲೂ ಮೊದಲು ಬರುವುದು ಒಣಶುಂಠಿಯೇ.

ಕಾಗದಗಳನ್ನು ಬರೆದವನು ಹೆನ್ಷಾ ಎಂಬ ದೊರೆ. ದೊರೆ ಎಂದ ತಕ್ಷಣ ಕುದುರೆ, ಕೋವಿ, ಬಂಗಲೆ ಎಂದೆಲ್ಲ ಕಲ್ಪಿಸಿಕೊಂಡು ಹೊರಡಬೇಡಿ; ಇವನು ಬೊಂಬಾಯಿಯ ಟಂಕಸಾಲೆಯಲ್ಲಿ ಬೆಳ್ಳಿಯ ಶುದ್ಧಿಯನ್ನು ಪರೀಕ್ಷಿಸುವ ಲೋಹಶಾಸ್ತ್ರಜ್ಞ, ಜೀವಮಾನವಿಡೀ ಕುಲುಮೆಯ ಮುಂದೆ ಬೆವರಿದ ಮನುಷ್ಯ. ಅವನ ಕುಲುಮೆಯೊಳಗೆ ಇಡುವ ಮಣ್ಣಿನ ಗೂಡುಗಳು ಪದೇ ಪದೇ ಬಿರುಕು ಬಿಡುತ್ತಿದ್ದುದರಿಂದ ಎಲ್ಲೆಲ್ಲಿಯ ಮಣ್ಣನ್ನೋ ತರಿಸಿ ನೋಡಿ, ಕೊನೆಗೆ ನಮ್ಮ ನೇತ್ರಾವತಿಯ ದಂಡೆಯ ಜೇಡಿಗೆ ಮನಸೋತಿದ್ದ. ಆ ಜೇಡಿಯನ್ನು ಹಾಯಿಹಡಗಿನಲ್ಲಿ ಅವನಿಗೆ ಕಳುಹಿಸಿಕೊಡುತ್ತಿದ್ದವರು ನಮ್ಮ ಮನೆಯ ಯಜಮಾನರಾಗಿದ್ದ ದೂಮಣ್ಣಜ್ಜ. ಹೀಗೆ ಮಣ್ಣಿನ ದೆಸೆಯಿಂದ ಶುರುವಾದ ಪತ್ರವ್ಯವಹಾರ ಹಲವು ವರ್ಷ ನಡೆಯಿತು. ದೊರೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಸುಂಕದ ಕಟ್ಟೆಯ ಗುಮಾಸ್ತರೊಬ್ಬರು ಬಂದು ಜಗಲಿಯಲ್ಲಿ ಕುಳಿತು ಅದನ್ನು ತುಳುವಿನಲ್ಲಿ ಗಟ್ಟಿಯಾಗಿ ಓದಿ ಹೇಳಿ, ಅಜ್ಜ ಹೇಳಿದ ಉತ್ತರವನ್ನು ಬರೆದುಕೊಂಡು ಹೋಗುತ್ತಿದ್ದರಂತೆ. ನಮ್ಮ ಉತ್ತರಗಳು ಬೊಂಬಾಯಿಯಲ್ಲಿ ಎಂದೋ ಮಣ್ಣುಪಾಲಾದವು. ಉಳಿದದ್ದು ಅವನ ಅರ್ಧ ಮಾತ್ರ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವನು, ಅತ್ತಾವರದಲ್ಲಿ ಮನೆ ಮಾಡಿಕೊಂಡು ಎಡಕ್ಕೊಬ್ಬ ಡಾಕ್ಟರ್, ಬಲಕ್ಕೊಬ್ಬ ಡಾಕ್ಟರ್ ಇರುವ ಭದ್ರತೆಯಲ್ಲಿ ಬದುಕುತ್ತಿದ್ದವನು. ಆದಿತ್ಯವಾರ ಬಸ್ಸು ಹಿಡಿದು ಬಂದರಿಗೆ ಬಂದರೆ ಈ ಡಬ್ಬವೇ ನನ್ನ ವಿನೋದ. ನಿಮಗೆ ನಿಜ ಹೇಳುತ್ತೇನೆ, ಇಷ್ಟು ನೀರಸವಾದ ಪತ್ರಗಳನ್ನು ನೀವು ಓದಿರಲಾರಿರಿ. ಮಣ್ಣಿನಲ್ಲಿ ಮರಳು ಎಷ್ಟು, ಉಪ್ಪಿನ ಅಂಶ ಎಷ್ಟು, ದ್ರಾವಕದ ಜಾಡಿ ದಾರಿಯಲ್ಲಿ ಒಡೆಯಿತೋ ಇಲ್ಲವೋ, ಇವೇ ಮಾತು. ಒಮ್ಮೆ ಅವನಿಗೆ ಎಲುಬಿನ ಬೂದಿ ಬೇಕಾಯಿತು. ಬೆಳ್ಳಿಯನ್ನು ಪರೀಕ್ಷಿಸುವವರು ಅದನ್ನು ಸೀಸದ ಜೊತೆ ಎಲುಬಿನ ಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಕಾಯಿಸುತ್ತಾರೆ. ಸೀಸ ತಾನೂ ಕರಗಿ, ಬೆಳ್ಳಿಯೊಳಗಿನ ಕಶ್ಮಲವನ್ನೆಲ್ಲ ಎಳೆದುಕೊಂಡು ಬಟ್ಟಲಿನ ಬೂದಿಯೊಳಗೆ ಇಂಗಿಹೋಗುತ್ತದೆ, ಶುದ್ಧ ಬೆಳ್ಳಿಯ ಗುಂಡು ಮಾತ್ರ ಮೇಲೆ ಉಳಿಯುತ್ತದೆ. ದೂಮಣ್ಣಜ್ಜ ಎಲುಬಿನ ವ್ಯಾಪಾರ ತಮ್ಮ ಮನೆತನಕ್ಕೆ ಹೇಳಿದ್ದಲ್ಲ ಎಂದು ಖಡಾಖಂಡಿತವಾಗಿ ಬರೆಸಿದರು. ಮುಂದಿನ ಹಡಗಿನಲ್ಲಿ ಹೊಳೆಯಾಚೆಯ ಬೆಂಗ್ರೆಯ ಮೀನುಗಾರರಿಂದ ತರಿಸಿದ ಮೀನುಮುಳ್ಳಿನ ಬೂದಿಯನ್ನು ಗೋಣಿಗಟ್ಟಲೆ ಕಳುಹಿಸಿದರು. ಮುಳ್ಳು ಬೇರೆ, ಎಲುಬು ಬೇರೆ. ದಿನಾ ಮೀನು ತಿನ್ನುವ ಮನೆಯಲ್ಲಿ ಇದಕ್ಕಿಂತ ಗಟ್ಟಿಯಾದ ತರ್ಕ ಇನ್ನೇನು ಬೇಕು? ಬೂದಿ ಬಹಳ ಚೆನ್ನಾಗಿದೆ ಎಂದು ದೊರೆ ಉತ್ತರ ಬರೆದ.

ಈ ಮನುಷ್ಯನಿಗೆ ಹೃದಯ ಇತ್ತೇ ಎಂದು ನೀವು ಕೇಳಬಹುದು. ಇತ್ತು, ಆದರೆ ಅದಕ್ಕೆ ಪ್ರತ್ಯೇಕ ವಾಕ್ಯವೃಂದ ಕೊಡುವ ಅಭ್ಯಾಸ ಅವನಿಗಿರಲಿಲ್ಲ. ಒಂದು ಕಾಗದದಲ್ಲಿ ಎರಡನೆಯ ಕಂತಿನ ಜೇಡಿ ಸುಸ್ಥಿತಿಯಲ್ಲಿ ಬಂದು ತಲುಪಿದೆ ಎಂಬ ಸಾಲಿದೆ. ಅದರ ಬೆನ್ನಿಗೆ, 'ನನ್ನ ಮಗ ಮಂಗಳವಾರ ಜ್ವರದಿಂದ ತೀರಿಕೊಂಡ' ಎಂಬ ಸಾಲು. ಅದರ ಬೆನ್ನಿಗೆ, ಮುಂದಿನ ಕಂತನ್ನು ಇನ್ನೂ ಸ್ವಲ್ಪ ಒಣಗಿಸಿ ಕಳುಹಿಸುವುದು ಒಳ್ಳೆಯದು ಎಂಬ ಸಾಲು. ನಾನು ಎಷ್ಟೋ ಶೋಕಗೀತೆಗಳನ್ನು ಓದಿ ತಲೆದೂಗಿದ್ದೇನೆ, ಆದರೆ ಹಸಿ ಮಣ್ಣು ಮತ್ತು ಒಣ ಮಣ್ಣಿನ ನಡುವೆ ಮಗನನ್ನು ಹೂತ ಆ ಮೂರು ಸಾಲುಗಳು ನನ್ನನ್ನು ಹಿಡಿದು ನಿಲ್ಲಿಸಿದಷ್ಟು ಬೇರೇನೂ ನಿಲ್ಲಿಸಿಲ್ಲ.

ಇನ್ನು ನಮ್ಮ ಮನೆಯ ಪ್ರಸಿದ್ಧ ನಗೆಯ ಕತೆಗೆ ಬರುತ್ತೇನೆ. ಮಗ ತೀರಿದ ಮರುವರ್ಷ ದೊರೆ ಮಣ್ಣಿನ ಹೊಂಡಗಳನ್ನು ಕಣ್ಣಾರೆ ನೋಡಲು ಮಂಗಳೂರಿಗೆ ಬಂದು ಕೆಲವು ದಿನ ಇದ್ದು ಹೋದ. ಹೋದವನು ಒಂದು ಕಾಗದ ಬರೆದ: ನಿಮ್ಮ ಮಗನನ್ನು ನನ್ನ ಬಳಿಗೆ ಕಳುಹಿಸಿಕೊಡಿ, ಅವನಿಗೆ ನನ್ನ ವಿದ್ಯೆಯನ್ನು ಕಲಿಸುತ್ತೇನೆ, ಖರ್ಚು ನನ್ನದು. ದೂಮಣ್ಣಜ್ಜ ಕಳುಹಿಸಿದ್ದು ತಂಗಿಯ ಮಗ ರಾಮಣ್ಣನನ್ನು. ದೊರೆಯ ಮುಂದಿನ ಕಾಗದ ಹೀಗಿತ್ತು: 'ಯುವಕ ಬಂದು ತಲುಪಿದ್ದಾನೆ. ಬುದ್ಧಿವಂತ. ನಾನು ಕೇಳಿದವನಲ್ಲ. ಕಲಿಸುತ್ತೇನೆ.' ಈ ನಾಲ್ಕು ವಾಕ್ಯಗಳನ್ನು ನನ್ನ ಸೋದರಮಾವ ಸಂಕಪ್ಪ ಮಾವ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ದೊರೆಯ ಹಾಗೆ ಹುಬ್ಬು ಗಂಟಿಕ್ಕಿ ಹೇಳಿದರೆ ಮದುವೆಮನೆಯ ಪಂಕ್ತಿ ಪಂಕ್ತಿಯೇ ಬಿದ್ದು ಬಿದ್ದು ನಗುತ್ತಿತ್ತು. "ಪಾಪ ಮಾರಾಯ, ಬೆಳ್ಳಿಯಲ್ಲಿ ತಾಮ್ರ ಎಷ್ಟು ಉಂಟು ಅಂತ ಕೂದಲು ಸೀಳಿ ಹೇಳುವವನಿಗೆ, ಯಾವ ಮನೆಯ ಹುಡುಗ ಯಾವ ಮನೆಗೆ ಸೇರಿದವ ಅಂತ ಗೊತ್ತಿಲ್ಲ!" ಎಂಬುದು ಅವರ ಮುಕ್ತಾಯ.

ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ನಮ್ಮಲ್ಲಿ ಆಸ್ತಿ, ಮನೆ, ಯಜಮಾನಿಕೆ ಎಲ್ಲ ಅಳಿಯಕಟ್ಟಿನ ಪ್ರಕಾರ ಮಾವನಿಂದ ಸೋದರಳಿಯನಿಗೆ ಇಳಿಯುತ್ತಿತ್ತು. ಮಗ ತಾಯಿಯ ಮನೆಗೆ ಸೇರಿದವನು. ತಂದೆ ಇರುವಷ್ಟು ದಿನ ತಂದೆಯ ಅಂಗಳದಲ್ಲಿ ಆಡುತ್ತಾನೆ, ಮಣ್ಣಿನ ಹೊಂಡಕ್ಕೂ ಹೋಗುತ್ತಾನೆ. ತಂದೆ ತೀರಿ, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ ತಾಯಿಯ ಜೊತೆಗೆ ಗಂಟು ಕಟ್ಟಿಕೊಂಡು ಹೊರಡುತ್ತಾನೆ. ಇದರಲ್ಲಿ ಯಾರದೂ ತಪ್ಪಿರಲಿಲ್ಲ, ಯಾರಿಗೂ ಆಶ್ಚರ್ಯವೂ ಆಗುತ್ತಿರಲಿಲ್ಲ. ದೊರೆಯ ಔದಾರ್ಯ ಮನೆಗೆ ಬಂದ ಸೊತ್ತು, ಮನೆಯ ಸೊತ್ತು ಅಳಿಯನಿಗೆ. ಅಜ್ಜನ ಲೆಕ್ಕ ಅಷ್ಟು ಸರಳ. ರಾಮಣ್ಣ ಬೊಂಬಾಯಿಯಲ್ಲಿ ಕಲಿತು, ಇಂಗ್ಲಿಷು ಮಾತಾಡುತ್ತ ಹಿಂದೆ ಬಂದು, ಬೆಳ್ಳಿಯ ವ್ಯಾಪಾರ ಮಾಡಿ, ಗೋದಾಮು ಕಟ್ಟಿಸಿ, ನಮ್ಮೆಲ್ಲರಿಗೂ ಬೊಂಬಾಯಿ ಅಜ್ಜನಾದರು. ನಾನು ಪ್ರಯೋಗಶಾಲೆಯಲ್ಲಿ ನಿಂತು ಸಂಬಳ ಎಣಿಸುವುದೂ ಅವರ ಕೃಪೆಯಿಂದಲೇ ಎಂದು ಅಮ್ಮ ಹೇಳುತ್ತಿದ್ದರು. ಅಳಿಯಕಟ್ಟು ಕಾನೂನಿನ ಪುಸ್ತಕದಿಂದ ಹೊರಟುಹೋದ ಮೇಲೆ, ದೊರೆಯ ಅಜ್ಞಾನಕ್ಕೆ ಊರೆಲ್ಲ ನಗಿಸುವ ಇದೇ ಸಂಕಪ್ಪ ಮಾವ ತಮ್ಮ ಹೋಟೆಲನ್ನು ಸದ್ದಿಲ್ಲದೆ ಸ್ವಂತ ಮಗನ ಹೆಸರಿಗೆ ಬರೆದರು. ಸೋದರಳಿಯನಾದ ನನಗೆ ಬಂದದ್ದು ಆ ಹೋಟೆಲಿನ ನೀರುದೋಸೆ, ಅದೂ ಪುಕ್ಕಟೆಯಲ್ಲ. ನನಗೇನೂ ಬೇಸರವಿಲ್ಲ, ಈಗ ನಾವೆಲ್ಲರೂ ಹೆನ್ಷಾ ದೊರೆಯ ಕಡೆಯವರೇ ಆಗಿಬಿಟ್ಟಿದ್ದೇವೆ ಎಂದು ಸುಮ್ಮನೆ ಹೇಳಿದೆ, ಅಷ್ಟೆ.

ಊರಿಗೆ ರೇಡಿಯೋ ನಿಲಯ ಬಂದ ಹೊಸತರಲ್ಲಿ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಮಾತಾಡಬಲ್ಲವರನ್ನೆಲ್ಲ ಹುಡುಕಿ ಹುಡುಕಿ ಕರೆಯುತ್ತಿದ್ದರು. ಮೇಷ್ಟರಾದವನು ಕರೆದರೆ ಬಿಡುತ್ತಾನೆಯೇ? ಟಂಕಸಾಲೆಯ ದೊರೆಯ ಕಾಗದಗಳ ಮೇಲೆ ನಾನೊಂದು ಭಾಷಣ ಮಾಡಿದೆ, ಜೇಡಿ, ಬೂದಿ, ಬೆಳ್ಳಿ ಎಲ್ಲವನ್ನೂ ವಿವರಿಸಿ, ಕೇಳುಗರು ನಿದ್ದೆ ಹೋಗದಿರಲೆಂದು ಕೊನೆಗೆ ನಮ್ಮ ಮನೆಯ ನಗೆಯ ಕತೆಯನ್ನೂ ಸೇರಿಸಿದೆ. ಅದಾಗಿ ವಾರ ಕಳೆದಿರಬಹುದು, ಒಂದು ಬೆಳಗ್ಗೆ ನಮ್ಮ ಗೇಟಿನ ಹತ್ತಿರ ಒಬ್ಬ ವೃದ್ಧೆ ಕೊಡೆ ಮಡಚುತ್ತ ನಿಂತಿದ್ದರು. ಬಿಳಿ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಆಸ್ಪತ್ರೆಯ ಚೀಟಿ. ಪಕ್ಕದ ಡಾಕ್ಟರ ಮನೆಗೆ ಬಂದವರು ದಾರಿ ತಪ್ಪಿದ್ದಾರೆ ಎಂದುಕೊಂಡು ಬೆರಳು ತೋರಿಸಲು ಹೊರಟೆ.

"ಕಣ್ಣಿನ ಡಾಕ್ಟ್ರನ್ನು ನೋಡಿಯೇ ಬಂದದ್ದು ಮಾಸ್ಟ್ರೆ," ಎಂದರು ಆಕೆ. "ಪೊರೆ ತೆಗೀಬೇಕಂತೆ. ನಾನು ವಾರಿಜ. ಬೋಳಾರದ ಶಾಲೆಯಲ್ಲಿ ಟೀಚರಾಗಿದ್ದೆ, ರಿಟೈರಾಗಿ ತುಂಬಾ ಸಮಯ ಆಯ್ತು. ಆ ದಿನ ರೇಡಿಯೋದಲ್ಲಿ ನೀವು ಒಂದು ಕತೆ ಹೇಳಿದ್ರಲ್ಲ, ದೊರೆ ಮಗನನ್ನು ಕೇಳಿದ ಅಂತ. ಆ ಮಗ ನನ್ನ ಅಪ್ಪ."

ನಾವಿಬ್ಬರೂ ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ನಮ್ಮ ಊರಿನ ಕನ್ನಡಕ್ಕೆ ಇಳಿಸಿದ್ದೇನೆ. ಒಳಗೆ ಬಂದು ಕುಳಿತು, ಚಹಾ ಮುಟ್ಟದೆ, ವಾರಿಜಕ್ಕ ತಮ್ಮ ಅಪ್ಪನ ವಿಷಯ ಹೇಳಿದರು. ದೂಮಣ್ಣಜ್ಜ ತೀರಿದ ಮೇಲೆ ಆ ಮಗ ತಾಯಿಯ ಜೊತೆ ಬೋಳಾರಕ್ಕೆ ಬಂದು, ನದಿದಂಡೆಯ ಹಂಚಿನ ಕಾರ್ಖಾನೆಯಲ್ಲಿ ಗೂಡಿಗೆ ಹಂಚು ಜೋಡಿಸುವ ಕೆಲಸಕ್ಕೆ ಸೇರಿ, ಅದೇ ಕೆಲಸದಲ್ಲಿ ಮುದುಕನಾದವನು. ಸಂಜೆ ಒಂದು ಕುಡ್ತೆ ಶೇಂದಿ ಹೊಟ್ಟೆಗೆ ಇಳಿದರೆ ಅವನದು ಒಂದೇ ಮಾತು: ಬೊಂಬಾಯಿಯ ಟಂಕಸಾಲೆಯ ದೊರೆ ನನ್ನನ್ನು ಹೆಸರು ಹಿಡಿದು ಕರೆದಿದ್ದ, ಅಮ್ಮನನ್ನು ಬಿಟ್ಟು ಹೋಗಲು ಮನಸ್ಸಾಗದೆ ನಾನೇ ಬೇಡ ಎಂದೆ, ರಾಮಣ್ಣ ಹೋದ, ಅವನ ಪೆಟ್ಟಿಗೆಯನ್ನು ದೋಣಿಯವರೆಗೆ ಹೊತ್ತವನು ನಾನೇ. ಹಂಚು ಹೊರುವವನನ್ನು ದೊರೆ ಕರೆಯುವುದೆಂದರೇನು? ಕೇರಿಯವರು ಅವನಿಗೆ ಬೊಂಬಾಯಿ ಎಂದೇ ಹೆಸರಿಟ್ಟು ಕಾಡುತ್ತಿದ್ದರು. ಮಕ್ಕಳು ಅವನ ಹಿಂದೆ ಹಡಗಿನ ಸೀಟಿ ಊದಿಕೊಂಡು ಬರುತ್ತಿದ್ದರು. ಶಾಲೆಯಲ್ಲಿ ಈಕೆಯನ್ನು ಬೊಂಬಾಯಿಯ ಮಗಳು ಎನ್ನುತ್ತಿದ್ದರು.

"ದೊರೆ ಕರೆದದ್ದು ಸುಳ್ಳು ಅಂತಲೇ ನಾವು ನಂಬಿದ್ದು," ಎಂದರು ವಾರಿಜಕ್ಕ. "ಅಮ್ಮನೂ ನಂಬಲಿಲ್ಲ. ಸಾಯುವ ಮೊದಲು ಅಪ್ಪ ನನ್ನ ಹತ್ರ, ನೀನು ಕಲಿತವಳಲ್ವಾ, ಒಮ್ಮೆ ಬಂದರಿಗೆ ಹೋಗಿ ಆ ಕಾಗದ ಓದು ಅಂದ್ರು. ಸಂಕಪ್ಪಣ್ಣನ ಹತ್ರ ಹೋಗಿ ಕೇಳಿದೆ. ಕಾಗದವೂ ಇಲ್ಲ ಎಂತದೂ ಇಲ್ಲ, ಗೆದ್ದಲು ತಿಂದಿದೆ ಅಂದ್ರು. ಈಗ ನೋಡಿದ್ರೆ ರೇಡಿಯೋದಲ್ಲಿ ಬರ್ತಾ ಉಂಟು! ಮಾಸ್ಟ್ರೆ, ನನಗೆ ಬೇರೆ ಎಂತದೂ ಬೇಡ. ಅದರಲ್ಲಿ ಅಪ್ಪನ ಹೆಸರು ಉಂಟಾ? ಅಪ್ಪ ಹೇಳಿದ್ದು ನಿಜವಾ ಸುಳ್ಳಾ? ಅಷ್ಟು ಗೊತ್ತಾದ್ರೆ ಸಾಕು."

ನನಗೆ ನೆನಪಾಗಲಿಲ್ಲ. ಜೇಡಿಯ ಮರಳಿನ ಪ್ರಮಾಣ ಬಾಯಿಪಾಠವಿದ್ದ ನನಗೆ, ಮಗನ ಹೆಸರು ಕಾಗದದಲ್ಲಿ ಇತ್ತೇ ಇಲ್ಲವೇ ಎಂಬುದು ನೆನಪಿರಲಿಲ್ಲ. ನಗೆಯ ಕತೆಯಲ್ಲಂತೂ ಅವನು ಬರೀ ಮಗ. ನಗುವವರಿಗೆ ಹೆಸರಿನ ಹಂಗು ಇರುವುದಿಲ್ಲವಷ್ಟೆ. ಒಂದು ಕಡೆ ಒಗ್ಗರಣೆಯ ಹಾಗೆ ಊಟದ ನಡುವೆ ಸಿಡಿಯುವ ಕತೆ, ನದಿಯ ದಂಡೆಗುಂಟ ಅರ್ಧ ಗಂಟೆ ನಡೆದರೆ ಸಿಗುವ ಇನ್ನೊಂದು ಮನೆಯಲ್ಲಿ ಒಬ್ಬ ಮನುಷ್ಯನ ಮಾನ ಕಳೆದ ಕತೆಯಾಗಿತ್ತು ಎಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡದ ಎಷ್ಟೋ ಸಂಗತಿಗಳು ನೂರು ವರ್ಷ ಸುಖವಾಗಿ ನಡೆದುಕೊಂಡು ಬರುತ್ತವೆ.

ಬಂದರಿಗೆ ಹೋಗಿ ವಿಷಯ ಎತ್ತಿದ್ದೇ ತಡ, ಸಂಕಪ್ಪ ಮಾವ ಎಲೆಯಡಿಕೆಯ ಪೆಟ್ಟಿಗೆಯನ್ನು ಟಪ್ಪೆಂದು ಮುಚ್ಚಿದರು. ಪಾಲುಪಟ್ಟಿಯ ವ್ಯಾಜ್ಯವೊಂದರಲ್ಲಿ ಕೋರ್ಟಿನ ಮೆಟ್ಟಿಲು ಸವೆಸಿ ಬಂದವರು ಅವರು. ಆಮೇಲೆ ಅವರ ಕಣ್ಣಿಗೆ ಮನೆಗೆ ಬಂದ ಪ್ರತಿ ಅತಿಥಿಯೂ ಒಬ್ಬ ವಾದಿ, ಕೈಯಲ್ಲಿ ಕೊಡೆ ಇದ್ದರೆ ಅದರೊಳಗೆ ವಕಾಲತ್ತು.

"ನಿನಗೆ ಮಂಡೆ ಸಮ ಉಂಟಾ? ಇವತ್ತು ಹೆಸರು ಕೇಳ್ತಾಳೆ, ನಾಳೆ ಗೋದಾಮು ಕೇಳ್ತಾಳೆ. ಮಗನ ಮಗಳಿಗೂ ಪಾಲು ಉಂಟು ಅಂತ ಯಾವನೋ ವಕೀಲ ಕಿವಿ ಊದಿರ್ತಾನೆ."

"ಕಾಗದದಲ್ಲಿ ಇರುವುದು ಜೇಡಿ ಮತ್ತು ಮೀನುಮುಳ್ಳು ಮಾವ. ಬೇಕಾದ್ರೆ ಅದರಲ್ಲಿ ಪಾಲು ಕೊಡಿ."

"ತಮಾಷೆ ಮಾಡ್ಬೇಡ ಮಾರಾಯ. ರೇಡಿಯೋದಲ್ಲಿ ಹೋಗಿ ಬೊಬ್ಬೆ ಹಾಕಿದ್ದು ಯಾರು? ನಾನಾ?"

ಬೊಬ್ಬೆ ಹಾಕಿದ್ದು ನಾನೇ, ನಿಜ. ಆದರೆ ಮಾವ ಜಿಪುಣರಾದರೂ ಹೆದರುಪುಕ್ಕಲರಾದರೂ ದುಷ್ಟರಲ್ಲ. ಕಣ್ಣು ಮಂಜಾದ ಹೆಂಗಸು, ತಾನೇ ಓದಲಾರಳು, ಓದಿದ್ದನ್ನು ಕೇಳಿ ಹೋಗುತ್ತಾಳೆ ಎಂದು ಎರಡು ಆದಿತ್ಯವಾರ ಬೆನ್ನು ಹತ್ತಿದ ಮೇಲೆ ಒಪ್ಪಿದರು. ಷರತ್ತುಗಳಿದ್ದವು: ಓದುವುದು ಬಂದರಿನ ಮನೆಯ ಜಗಲಿಯಲ್ಲಿ, ತಮ್ಮ ಎದುರಿನಲ್ಲಿ, ಮತ್ತು ಒಂದು ಚೂರು ಕಾಗದವೂ ಹೊಸ್ತಿಲು ದಾಟಕೂಡದು.

ವಾರಿಜಕ್ಕ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. "ಕೂತುಕೊಳ್ಳಿ ಟೀಚರ್," ಎಂದರು ಮಾವ, ಕೋರ್ಟಿನ ಮರ್ಯಾದೆಯಲ್ಲಿ. ಆಕೆ ಕುರ್ಚಿ ಬಿಟ್ಟು ಜಗಲಿಯ ತುದಿಯಲ್ಲಿ, ಮರದ ಕಂಬಕ್ಕೆ ಒರಗಿ ಕುಳಿತರು. ತಮ್ಮ ಅಪ್ಪ ಚಿಕ್ಕಂದಿನಲ್ಲಿ ಓಡಾಡಿದ ಜಗಲಿಯನ್ನು ಆ ಮಂಜುಗಣ್ಣಿನಲ್ಲಿ ಎಷ್ಟು ನೋಡಿದರೋ ನನಗೆ ತಿಳಿಯದು. ನಾನು ಡಬ್ಬ ತೆರೆದೆ, ಕಟ್ಟು ಬಿಚ್ಚಿದೆ, ಆ ಕಾಗದವನ್ನು ಹುಡುಕಿ ತೆಗೆದೆ. ಅದು ಎಂದಿನ ನಾಲ್ಕು ಸಾಲಿನ ಕಾಗದವಲ್ಲ, ಎರಡು ಹಾಳೆ ತುಂಬ ಇತ್ತು. ನಾವು ಯಾರೂ ಅದನ್ನು ಪೂರ್ತಿ ಓದಿದವರಲ್ಲ. ನಗುವಿಗೆ ಬೇಕಾದದ್ದು ಮೊದಲ ಹಾಳೆಯಲ್ಲೇ ಸಿಗುತ್ತಿತ್ತು.

ನಾನು ಒಂದೊಂದೇ ವಾಕ್ಯವನ್ನು ತುಳುವಿಗೆ ತಿರುಗಿಸುತ್ತ ಓದಿದೆ. ಮೊದಲ ಹಾಳೆ ಮುಗಿಯಿತು, ಮಗನನ್ನು ಕಳುಹಿಸಿ ಎಂಬಷ್ಟೇ ಇತ್ತು, ಹೆಸರಿರಲಿಲ್ಲ. ವಾರಿಜಕ್ಕ ತಲೆಯಾಡಿಸಿದರು. ಮಾವ ಸಣ್ಣಗೆ ಕೆಮ್ಮಿದರು. ಎರಡನೆಯ ಹಾಳೆಯಲ್ಲಿ ದೊರೆ ತಾನು ಮಂಗಳೂರಿನಲ್ಲಿ ಕಳೆದ ಒಂದು ಸಂಜೆಯನ್ನು ನೆನೆದಿದ್ದ. ಇದೇ ಜಗಲಿಯಲ್ಲಿ ಅವನು ತನ್ನ ಪ್ರಯಾಣದ ಪುಟ್ಟ ಕುಲುಮೆಯನ್ನಿಟ್ಟು, ಬೆಂಗ್ರೆಯ ಮೀನುಮುಳ್ಳಿನ ಬೂದಿಯ ಬಟ್ಟಲಿನಲ್ಲಿ ಒಂದು ಚೂರು ಬೆಳ್ಳಿಯನ್ನು ಸೀಸದೊಡನೆ ಕರಗಿಸಿ ತೋರಿಸಿದ್ದನಂತೆ. ನೆರೆದವರೆಲ್ಲ ಬೆಳ್ಳಿ ಎಷ್ಟು ಉಳಿಯಿತು ಎಂದು ಕೇಳಿದರಂತೆ. ಆಮೇಲೆ ಹೀಗೆ ಬರೆದಿದ್ದ: 'ನಿಮ್ಮ ಮಗ ಐತಪ್ಪ ಮಾತ್ರ, ಸೀಸ ಎಲ್ಲಿಗೆ ಹೋಯಿತು ಎಂದು ಕೇಳಿದ. ನನ್ನ ಸಹಾಯಕರಲ್ಲಿ ಯಾರೂ ಇದುವರೆಗೆ ನನ್ನಲ್ಲಿ ಅದನ್ನು ಕೇಳಿಲ್ಲ. ನನ್ನ ಮಗನಿದ್ದರೆ ಕೇಳುತ್ತಿದ್ದನೋ ಏನೋ. ಐತಪ್ಪನನ್ನು ಕಳುಹಿಸಿ.'

ಐತಪ್ಪ ಎಂಬ ಹೆಸರನ್ನು ಪಾಪ ದೊರೆ ತನಗೆ ತಿಳಿದ ಅಕ್ಷರಗಳಲ್ಲಿ ವಕ್ರವಕ್ರವಾಗಿ ಬರೆದಿದ್ದ, ಎರಡು ಕಡೆ ಬರೆದಿದ್ದ. ಇನ್ನೊಮ್ಮೆ ಓದಿ ಎಂದರು ವಾರಿಜಕ್ಕ. ಓದಿದೆ. ಅವರ ಮುಖದಲ್ಲಿ ಬಂದ ಸಂತೋಷವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಕಣ್ಣೀರಿಲ್ಲ, ಏನಿಲ್ಲ, ಪರೀಕ್ಷೆಯಲ್ಲಿ ನಪಾಸಾದನೆಂದು ಊರೆಲ್ಲ ಹೇಳಿದ ಹುಡುಗನ ಹೆಸರನ್ನು ಪಟ್ಟಿಯಲ್ಲಿ ಕಂಡ ಟೀಚರಿನ ಹಾಗೆ, "ಉಂಟಲ್ಲ! ಹೆಸರು ಉಂಟಲ್ಲ!" ಎಂದು ಮಂಡಿಗೆ ಬಡಿದುಕೊಂಡರು. ನನಗೂ ಖುಷಿಯಾಯಿತು, ಅಲ್ಲಿಗೇ ನಿಲ್ಲಿಸಿ ಕಟ್ಟು ಕಟ್ಟಿಬಿಡೋಣ ಎನಿಸಿತು. ಆದರೆ ಆಕೆ, ಮುಂದಿನದನ್ನೂ ಓದಿ, ಅಪ್ಪ ಬೇಡ ಅಂದದ್ದಕ್ಕೆ ದೊರೆ ಎಂತ ಹೇಳಿದ ಕೇಳುವ ಎಂದರು.

ಮುಂದಿನ ಕಾಗದವೇ ನಮ್ಮ ನಗೆಯ ಕಾಗದ. ನಾಲ್ಕು ವಾಕ್ಯಗಳನ್ನು ನಾನು ಆದಷ್ಟು ಚಪ್ಪಟೆಯಾಗಿ ಓದಿದೆ. ಅದರ ಕೆಳಗೆ, ನಾವು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೂ ಕೆಲವು ಸಾಲುಗಳಿದ್ದವು: 'ಮಗನಿಗೆ ಹೊರಡಲು ಬಹಳ ಮನಸ್ಸಿತ್ತು, ಆದರೆ ನಿಮ್ಮ ದೇಶದ ಕಟ್ಟಿನ ಪ್ರಕಾರ ತಂಗಿಯ ಮಗನನ್ನೇ ಕಳುಹಿಸತಕ್ಕದ್ದು ಎಂದು ನೀವು ಬರೆಸಿದ್ದೀರಿ. ಆ ಕಟ್ಟು ನನಗೆ ಅರ್ಥವಾಗದು. ಐತಪ್ಪನಿಗೆ ನನ್ನ ಆಶೀರ್ವಾದ ತಿಳಿಸಿ.'

ಬೀದಿಯಲ್ಲಿ ಕೈಗಾಡಿಯವನೊಬ್ಬ ದಾರಿ ಬಿಡಿ ದಾರಿ ಬಿಡಿ ಎಂದು ಕೂಗುತ್ತ ಹೋದ. ವಾರಿಜಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಬಹಳ ಮನಸ್ಸಿತ್ತು ಅಂತ ಉಂಟಾ?"

"ಉಂಟು."

"ಹಾಗಾದ್ರೆ ಅಪ್ಪ ಬೇಡ ಅನ್ನಲಿಲ್ಲ."

ನಾನು ಕಾಗದವನ್ನು ಮಡಚಿದೆ.

"ಕಾಗದ ಓದುವಾಗ ಅಪ್ಪ ಇಲ್ಲಿಯೇ ಇದ್ದಿರಬೇಕು, ಇದೇ ಜಗಲಿಯಲ್ಲಿ. ಗುಮಾಸ್ತರು ಗಟ್ಟಿಯಾಗಿ ಓದಿದ್ದು ಅಲ್ವಾ? ಹೆಸರು ಕೇಳಿಸಿರ್ತದೆ. ಹೊರಟು ನಿಂತಿರ್ತಾರೆ." ಆಕೆ ಶಾಲೆಯಲ್ಲಿ ಲೆಕ್ಕ ಬಿಡಿಸುವವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹೇಳುತ್ತಿದ್ದರು. "ಅವರ ಅಪ್ಪ ಅವರನ್ನು ಬಿಟ್ಟು ಅಳಿಯನನ್ನು ಕಳಿಸಿದ್ರು ಅಂತ ನಮ್ಮ ಹತ್ರ ಒಂದು ದಿನವೂ ಹೇಳಲಿಲ್ಲ. ನಾನೇ ಬೇಡ ಅಂದೆ, ಅಮ್ಮನನ್ನು ಬಿಟ್ಟು ಹೋಗ್ಲಿಕ್ಕೆ ಆಗ್ಲಿಲ್ಲ ಅಂತಲೇ ಹೇಳಿದ್ದು. ಅದನ್ನು ಮಾತ್ರ ನಮ್ಮ ಅಜ್ಜಿ ನಂಬಿದ್ರು. ನನ್ನ ಮಗ ನನಗೋಸ್ಕರ ಉಳಿದ ಅಂತ ಕೊನೆಯವರೆಗೂ ಹೇಳ್ತಿದ್ರು. ನೋಡಿ ಮಾಸ್ಟ್ರೆ, ಅಪ್ಪ ಹೇಳಿದ ನಿಜಕ್ಕೆ ನಾವೆಲ್ಲ ನಗಾಡಿದ್ದು. ಅಪ್ಪ ಹೇಳಿದ ಸುಳ್ಳನ್ನು ಅಜ್ಜಿ ನಂಬಿದ್ದು."

ಬೆಳ್ಳಿಯ ಶುದ್ಧಿಯನ್ನು ಅಳೆಯಲು ಮನುಷ್ಯ ಎಷ್ಟೆಲ್ಲ ಸಲಕರಣೆ ಕಂಡುಹಿಡಿದಿದ್ದಾನೆ. ಒಬ್ಬನ ಮಾತಿನಲ್ಲಿ ನಿಜದ ಪಾಲು ಯಾವುದು, ಮಮತೆಗಾಗಿ ಬೆರೆಸಿದ ಪಾಲು ಯಾವುದು ಎಂದು ಬೇರ್ಪಡಿಸುವ ಬಟ್ಟಲು ಮಾತ್ರ ಯಾವ ಟಂಕಸಾಲೆಯಲ್ಲೂ ಇಲ್ಲ. ಇದ್ದರೂ ಅದನ್ನು ಬಳಸಬೇಕೇ ಎಂಬುದರಲ್ಲಿ ನನಗೆ ಸಂಶಯವಿದೆ, ಏಕೆಂದರೆ ಐತಪ್ಪನ ಮಾತಿನಲ್ಲಿ ಬೆಲೆಬಾಳುವ ಲೋಹ ಯಾವುದು ಎಂದು ಕೇಳಿದರೆ ನಾನು ಬೆರಳು ತೋರಿಸುವುದು ಅವನ ಸುಳ್ಳಿನ ಕಡೆಗೆ. ಆ ಹೊತ್ತಿನಲ್ಲಿ ಇದೆಲ್ಲ ನನಗೆ ಹೊಳೆಯಿತು ಎಂದು ತಿಳಿಯಬೇಡಿ. ಆಗ ನಾನು ಮಾಡಿದ್ದು ಕಾಗದವನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು, ಇಷ್ಟೆ.

ಮಾತಾಡಿದವರು ಸಂಕಪ್ಪ ಮಾವ. ಅವರ ದನಿಯಲ್ಲಿ ಕೋರ್ಟು ಇರಲಿಲ್ಲ. "ನಿನಗೆ ಎಂತ ಬೇಕು ವಾರಿಜ? ಆ ಕಾಗದ ಬೇಕಾ? ಕೊಂಡುಹೋಗು."

ಟೀಚರ್ ಎಂಬುದು ಯಾವಾಗ ವಾರಿಜ ಆಯಿತೋ, ನೀವು ಎಂಬುದು ಯಾವಾಗ ನೀನು ಆಯಿತೋ, ಮಾವನಿಗೂ ಗೊತ್ತಿದ್ದಂತಿರಲಿಲ್ಲ.

"ಕಾಗದ ನನಗೆ ಯಾಕೆ ಸಂಕಪ್ಪಣ್ಣ? ಓದ್ಲಿಕ್ಕೆ ಕಣ್ಣಿಲ್ಲ, ಇಡ್ಲಿಕ್ಕೆ ಮಕ್ಕಳಿಲ್ಲ. ಇಲ್ಲಿಯೇ ಇರಲಿ. ನೀವು ಮದುವೆಮನೆಯಲ್ಲಿ ಈ ಕತೆ ಹೇಳ್ತೀರಂತೆ, ನನಗೆ ಗೊತ್ತುಂಟು, ಹೇಳಿ. ನನಗೆ ಬೇಸರ ಇಲ್ಲ. ಹೇಳುವಾಗ ಮಗ ಅಂತ ಹೇಳ್ಬೇಡಿ. ಐತಪ್ಪ ಅಂತ ಹೇಳಿ."

ಇಷ್ಟು ಹೇಳಿ ಎದ್ದು, ಕೊಡೆ ಬಿಡಿಸಿಕೊಂಡು, ಗೋದಾಮುಗಳ ಸಾಲಿನಲ್ಲಿ ನಿಧಾನವಾಗಿ ನಡೆದುಹೋದರು. ಕಣ್ಣಿನ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮಾವ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬಂದರು ಎಂದು ನನಗೆ ಆಮೇಲೆ ತಿಳಿಯಿತು, ಅವರಾಗಿ ಹೇಳಲಿಲ್ಲ.

ಮುಂದಿನ ವರ್ಷ ಮಾವನ ಮೊಮ್ಮಗಳ ಮದುವೆ ನಿಶ್ಚಯದ ಊಟ ಅದೇ ಮನೆಯಲ್ಲಿ ನಡೆಯಿತು. ವಾರಿಜಕ್ಕನನ್ನು ಕರೆತರಲು ಮಾವ ಸ್ವತಃ ಟ್ಯಾಕ್ಸಿ ಮಾಡಿಕೊಂಡು ಬೋಳಾರಕ್ಕೆ ಹೋಗಿದ್ದರು. ಗಂಡಿನ ಕಡೆಯವರೆಲ್ಲ ಹೊಸಬರು. ಎರಡನೆಯ ಸಲ ಅನ್ನ ಬರುವ ಹೊತ್ತಿಗೆ ನಮ್ಮವರು ಯಾರೋ, ಅಭ್ಯಾಸಬಲದಿಂದ, ಬೊಂಬಾಯಿ ದೊರೆಯ ಕತೆ ಹೇಳಿ ಎಂದು ಕೂಗಿದರು. ನಾನು ಎಲೆಯಿಂದ ತಲೆಯೆತ್ತಲಿಲ್ಲ. ಮಾವ ವಾರಿಜಕ್ಕನ ಕಡೆಗೊಮ್ಮೆ ನೋಡಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು, ಹುಬ್ಬು ಗಂಟಿಕ್ಕಿದರು, ಶುರು ಮಾಡಿದರು. ಜೇಡಿ ಬಂತು, ಮೀನುಮುಳ್ಳು ಬಂತು, ಪಂಕ್ತಿ ನಕ್ಕಿತು. ದೊರೆ ಬರೆದನಂತೆ, ಐತಪ್ಪನನ್ನು ಕಳುಹಿಸಿ ಎಂದು. ದೂಮಣ್ಣಜ್ಜ ರಾಮಣ್ಣನನ್ನು ಕಳುಹಿಸಿದರಂತೆ. ಯುವಕ ತಲುಪಿದ್ದಾನೆ, ಬುದ್ಧಿವಂತ, ನಾನು ಕೇಳಿದವನಲ್ಲ, ಕಲಿಸುತ್ತೇನೆ. ಪ್ರತಿ ಸಲವೂ ಪಂಕ್ತಿ ಬಿದ್ದು ಬಿದ್ದು ನಗುತ್ತಿದ್ದ ಜಾಗ ಅದು. ನಮ್ಮವರಲ್ಲಿ ಒಬ್ಬಿಬ್ಬರು ನಗಲು ಬಾಯಿ ತೆರೆದು, ಯಾಕೋ ಮುಚ್ಚಿಕೊಂಡರು.

ಗಂಡಿನ ದೊಡ್ಡಮ್ಮ, ಈ ಕತೆಯನ್ನು ಮೊದಲ ಸಲ ಕೇಳುತ್ತಿದ್ದವರು, ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದುಕೊಂಡು ಕೇಳಿದರು: "ಅಲ್ಲ, ಮತ್ತೆ ಆ ಐತಪ್ಪ ಎಂತ ಮಾಡಿದ್ರು?"

ಮಾವ ಇಷ್ಟು ವರ್ಷ ಹೇಳಿಕೊಂಡು ಬಂದ ಕತೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದರು.

"ಅದು ನನಗೆ ಗೊತ್ತಿಲ್ಲ," ಎಂದರು. "ಗೊತ್ತಿರುವವಳು ಇಲ್ಲಿ ಕೂತಿದ್ದಾಳೆ. ವಾರಿಜ, ನೀನು ಹೇಳು."

ಬಡಿಸುವವನು ಪಾಯಸದ ಪಾತ್ರೆ ಹಿಡಿದು ನಿಂತಲ್ಲೇ ನಿಂತ. ವಾರಿಜಕ್ಕ ಎಲೆಯ ಅಂಚಿನಲ್ಲಿ ಕೈ ಊರಿ, ಪಂಕ್ತಿಯ ಆಚೆ ತುದಿಯವರೆಗೂ ಹೊಸ ಕಣ್ಣಿನಲ್ಲಿ ಒಮ್ಮೆ ನೋಡಿ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ, "ನನ್ನ ಅಪ್ಪ," ಎಂದು ಶುರು ಮಾಡಿದರು.